ಎಳೆ ಕರೆಯುವ ಫೋನು

ಇಳಕಲ್ಲಿನ ಆ ನಂಬರಿನಿಂದ ಈಗ ಕರೆ ಬಂದರೆ ನಾನು ರೊಟ್ಟಿ ಬಿಟ್ಟು ಏಳುವುದಿಲ್ಲ. ಊಟ ಮುಗಿಸಿ, ಕೈ ತೊಳೆದು, ನೀರು ಕುಡಿದು, ಆಮೇಲೆ ನಾನೇ ತಿರುಗಿ ಮಾಡುತ್ತೇನೆ. ಹಿಂದಿನ ಮಳೆಗಾಲದಲ್ಲಿ ಹೀಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಪಂಚಮಿಯವರೆಗೆ ಆ ನಂಬರು ಫೋನಿನ ಮೇಲೆ ಮೂಡಿದರೆ ಸಾಕು, ಬಾಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಈಗಿನ ನಿರಾಳ ಎಂಥದ್ದು ಎಂದು ತಿಳಿಯಬೇಕಾದರೆ ಆ ದಿನಗಳ ಸುದ್ದಿ ಹೇಳಬೇಕು.

ನಾನು ಸಾಫ್ಟ್‌ವೇರ್ ಬರೆಯುವವನು. ಯಾವ ಕಂಪನಿಯ ಆಳೂ ಅಲ್ಲ. ಗುಡೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಟೇಬಲ್ಲು, ಅದರ ಮೇಲೆ ಕಂಪ್ಯೂಟರು, ಕೆಳಗೆ ಕರೆಂಟು ಹೋದಾಗ ಗುಂಯ್ ಎನ್ನುವ ಇನ್ವರ್ಟರು, ಪಕ್ಕದ ಡ್ರಾವರಿನ ತುಂಬ ಗಾಜು ಸೀಳಿದ, ಬ್ಯಾಟರಿ ಉಬ್ಬಿದ ಹಳೆಯ ಫೋನುಗಳು. ನಾನು ಬರೆದ ಆ್ಯಪು ತುಟ್ಟಿ ಫೋನಿನಲ್ಲಿ ಚೆಂದ ನಡೆದರೆ ನಾನು ನಂಬುವುದಿಲ್ಲ. ಈ ಡ್ರಾವರಿನ ಫೋನುಗಳಲ್ಲಿ ನಡೆಯಬೇಕು. ನಮ್ಮ ಕಡೆಯ ಮಂದಿಯ ಕೈಯಲ್ಲಿರುವುದು ಅಂಥವೇ. ಬಾದಾಮಿಯ ಕಾಳಿನ ಅಂಗಡಿಯೊಂದರಲ್ಲಿ ತೂಕದ ಯಂತ್ರದಿಂದ ನೇರವಾಗಿ ಚೀಟಿ ಹೊರಬರುವುದು ನನ್ನ ಪ್ರೋಗ್ರಾಮಿನಿಂದ. ಹುನಗುಂದದ ಗಿರಣಿಯಲ್ಲಿ ಯಾರ ಹಿಟ್ಟು ಬೀಸಿ ಆಯಿತೋ ಅವರ ಫೋನಿಗೆ ಸುದ್ದಿ ಹೋಗುವುದೂ ನನ್ನ ಆ್ಯಪಿನಿಂದಲೇ. ಕೇಳಿದವರಿಗೆ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕೇಳದವರಿಗೂ ಒಮ್ಮೊಮ್ಮೆ ಹೇಳುತ್ತೇನೆ.

ಶಾಲೆ ಬಿಟ್ಟದ್ದು ಒಂಬತ್ತನೇ ಇಯತ್ತೆಯಲ್ಲಿ. ನಮ್ಮದು ಬೀರಪ್ಪನ ಒಕ್ಕಲು, ಕುರಿಯ ಮನೆತನ. ಸುಗ್ಗಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದಾಗ ನಾನೂ ಬೆನ್ನು ಹತ್ತಿದೆ. ತಿರುಗಿ ಬರುವಷ್ಟರಲ್ಲಿ ಹಾಜರಿ ಕಡಿಮೆ ಬಿದ್ದಿತ್ತು. ಅದೇ ಇಯತ್ತೆಯಲ್ಲಿ ಇನ್ನೊಂದು ವರ್ಷ ಕೂರಬೇಕು ಎಂದರು. ನನಗಿಂತ ಸಣ್ಣವರ ನಡುವೆ ಬೆಂಚಿನ ಮೇಲೆ ಕೂರುವುದು ನನ್ನಿಂದಾಗುವ ಮಾತಲ್ಲ. ಪಾಟಿಚೀಲವನ್ನು ಗೂಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ನವನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಕಸ ಹೊಡೆಯುತ್ತ ಟೈಪಿಂಗು ಕಲಿತೆ. ವಿದ್ಯಾಗಿರಿಯ ಕಾಲೇಜುಗಳ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ಹುಡುಗರ ಪ್ರಾಜೆಕ್ಟು ಟೈಪು ಮಾಡುತ್ತ ಮಾಡುತ್ತ ಅದರೊಳಗಿನ ಪ್ರೋಗ್ರಾಮು ಏನು ಹೇಳುತ್ತದೆ ಎಂಬುದು ಸ್ವಲ್ಪ ಸ್ವಲ್ಪವೇ ತಲೆಗೆ ಹತ್ತಿತು. ಉಳಿದದ್ದನ್ನು ಕೆಟ್ಟುಹೋದ ಪ್ರೋಗ್ರಾಮುಗಳನ್ನು ಬಿಚ್ಚಿ, ಕೂಡಿಸಿ, ಮತ್ತೆ ಕೆಡಿಸಿ ಕಲಿತೆ. ಪುಸ್ತಕದ ಇಂಗ್ಲಿಷು ಇವತ್ತಿಗೂ ತಡವರಿಸಿಯೇ ಓದುತ್ತೇನೆ. ಆದರೆ ಯಂತ್ರ ಯಾಕೆ ನಿಂತಿತು ಎಂದು ಯಂತ್ರವೇ ಹೇಳುವ ಇಂಗ್ಲಿಷು ನನಗೆ ಮನೆಯ ಮಾತಿನಷ್ಟು ಸಲೀಸು.

ಇಳಕಲ್ಲಿನ ಒಬ್ಬ ಸೀರೆ ಸಾಹುಕಾರರಿಗೆ ನಾನೊಂದು ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಚೌಕಳಿ ಹಾಕಿ ಸೆರಗಿನ ಚಿತ್ತಾರ ಬಿಡಿಸುವುದು, ಬೇಕಾದಂತೆ ತಿದ್ದುವುದು, ಪ್ರಿಂಟು ತೆಗೆಯುವುದು. ಒಂದು ದಿನ ಪ್ರಿಂಟು ಸರಿಯಾಗಿ ಬರುತ್ತಿಲ್ಲವೆಂದು ಕರೆಸಿದ್ದರು. ನಾನು ಸರಿಪಡಿಸುತ್ತಿದ್ದಾಗ ಗಾದಿಯ ಅಂಚಿನಲ್ಲಿ ಒಬ್ಬ ಹೆಣ್ಣುಮಗಳು ಕುಳಿತು ಪರದೆಯನ್ನೇ ನೋಡುತ್ತಿದ್ದರು. ಐವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕಾಯಿ. ನೇಕಾರ ಹೆಂಗಸು ಎಂದು ಬೆರಳು ನೋಡಿದರೇ ತಿಳಿಯುತ್ತಿತ್ತು. ಕಡೆಗೆ ಕೇಳಿದರು.

"ಸರ್ರ, ಇದು ಚಿತ್ರ ತೋರಸ್ತೈತಿ, ಖರೆ. ಬಾಯಿಲೆ ಕರೀತೈತೇನ್ರಿ?"

ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಸೆರಗಿನಲ್ಲಿ ಗೋಪುರ, ಆನೆ, ನವಿಲು ಮೂಡಬೇಕಾದರೆ ಪ್ರತಿ ಸಾಲಿಗೂ ಲಾಳಿ ಒಗೆಯುವ ಮುಂಚೆ ಇಷ್ಟು ಎಳೆ ಬಿಡಬೇಕು, ಇಷ್ಟು ಎಳೆ ಎತ್ತಬೇಕು. ಎತ್ತುವವರ ಕಣ್ಣು ಎಳೆಯ ಮೇಲೆ, ಕೈ ಎಳೆಯೊಳಗೆ, ಕಾಲು ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ. ಬೇರೆ ಕಡೆ ನೋಡಲು ಬಿಡುವಿಲ್ಲ. ಅದಕ್ಕೇ ಅವರ ಮನೆಯಲ್ಲಿ ಒಬ್ಬರು ಎತ್ತುವುದು, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಮೂರು ಬಿಡು, ಎರಡು ಎತ್ತು ಎಂದು ಹೇಳುತ್ತ ಹೋಗುವುದು. ಅದನ್ನೇ ಎಳೆ ಕರೆಯುವುದು ಎನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಕರೆಯುತ್ತಿದ್ದವರು ಅವರ ಯಜಮಾನರು. ಆ ಚಿತ್ತಾರಗಳು ಯಾವ ಕಾಗದದ ಮೇಲೂ ಇರಲಿಲ್ಲ, ಅವರ ಬಾಯಲ್ಲೇ ಇದ್ದವು. ಹಿಂದಿನ ವರ್ಷ ಲಕ್ವಾ ಹೊಡೆದು ಅವರ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಗಿತ್ತು.

ಸಾದಾ ಸೀರೆ ಈಗ ಪವರ್‌ಲೂಮಿನಲ್ಲಿ ಸಲೀಸಾಗಿ ಆಗುತ್ತದೆ, ಅದಕ್ಕಾಗಿ ಕೈಮಗ್ಗಕ್ಕೆ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹೂಡುವ ನೂಲು, ಕೊಡುವವರಿಲ್ಲ. ಚಿತ್ತಾರದ ಸೆರಗಿದ್ದರೆ ಮಾತ್ರ ಕೊಡುತ್ತಾರೆ. ಸಾಹುಕಾರರು ಕೆಟ್ಟವರಲ್ಲ. ಒಂದೇ ಒಂದು ಹಾಸು ಕೊಟ್ಟಿದ್ದರು. ಅವರ ಗಿರಾಕಿಯೊಬ್ಬರ ಮಗಳಿಗೆ ಮದುವೆಯಾದ ಮೇಲಿನ ಮೊದಲ ಪಂಚಮಿ, ಅದಕ್ಕೆ ತವರಿನ ಸೀರೆ. ಅದು ಹೊತ್ತಿಗೆ ಸರಿಯಾಗಿ ಬಂದರೆ ಮುಂದಿನ ಹಾಸು. ಬರದಿದ್ದರೆ ಮಗ್ಗ ಬಿಚ್ಚಿ ಕುಣಿ ಮುಚ್ಚಿ, ಆ ಹೆಣ್ಣುಮಗಳು ಪವರ್‌ಲೂಮ್ ಶೆಡ್ಡಿಗೆ ಕಂಡಿಕೆಗೆ ನೂಲು ಸುತ್ತಲು ಹೋಗಬೇಕು. ಮುಂಜಾನೆ ಹೋದರೆ ಸಂಜೆಗೆ ಬರುವ ಕೆಲಸ. ತಾನಾಗಿ ಎದ್ದು ಒಂದು ತಂಬಿಗೆ ನೀರು ತೆಗೆದುಕೊಳ್ಳಲಾರದ ಮನುಷ್ಯ ಅಲ್ಲಿಯವರೆಗೆ ಮನೆಯಲ್ಲಿ ಒಬ್ಬನೇ.

"ದುಡಿಯಾಕ ನನಗೇನ ಬ್ಯಾಸರಿಲ್ರಿ," ಎಂದರು. "ಮನ್ಯಾಗ ಕುಂತ ದುಡೀಬೇಕು, ಅಷ್ಟ."

ಸಾಹುಕಾರರ ಎದುರಿಗೇ ನಾನು ಆಗುತ್ತದೆ ಎಂದುಬಿಟ್ಟೆ. ನನ್ನ ಬಾಯಿಗೆ ಆಗುವುದಿಲ್ಲ ಎನ್ನುವ ಮಾತು ಬಹಳ ತಡವಾಗಿ ಬರುತ್ತದೆ.

ಮರುವಾರ ಆ ನೇಕಾರ ಅಕ್ಕಾವರ ಮನೆಗೆ ಹೋದೆ. ಬಾಗಿಲ ಮುಂದೆ ಒಂದು ಟ್ರಾಲಿಯಷ್ಟು ಕೆಂಪು ಗರಸು ಮಣ್ಣಿನ ಗುಂಪಿ. ಮನೆ ಕಟ್ಟಿಸುತ್ತಿದ್ದಾರೇನೋ ಎಂದುಕೊಂಡೆ. ಅದಲ್ಲ, ಮಗ್ಗ ಬಿಚ್ಚಿದ ಮೇಲೆ ಕುಣಿ ಮುಚ್ಚಲು ಇರಲಿ ಎಂದು ಅವರ ಮೈದುನ ಮೊದಲೇ ತಂದು ಸುರುವಿಸಿದ್ದ. ಒಳಗೆ ಒಂದು ಮಗ್ಗ, ಪಕ್ಕದಲ್ಲಿ ಗರಸು ಬಡಿದು ಸಾರಿಸಿದ ಒಂದು ಚೌಕ. ಯಜಮಾನರ ಮಗ್ಗವಿದ್ದ ಜಾಗ ಅದು. ಅದರ ಮೇಲೆಯೇ ಅವರು ಮಲಗುವ ಹೊರಸು. ಅವರು ನನ್ನನ್ನು ನೋಡಿ ಎಡಗೈ ಎತ್ತಿದರು.

ಹಳೆಯ ಸೀರೆಯೊಂದರ ಸೆರಗನ್ನು ಹಾಸಿಕೊಂಡು, ಫೋನಿನ ಕ್ಯಾಮೆರಾ ಹತ್ತಿರ ಹಿಡಿದು, ಸೂಜಿಯ ಮೊನೆಯಿಂದ ಎಳೆ ಬಿಡಿಸುತ್ತ ಸಾಲು ಸಾಲಾಗಿ ಕಂಪ್ಯೂಟರಿನ ಚೌಕಳಿಗೆ ಇಳಿಸಿದೆ. ಅದು ತಾಳ್ಮೆಯ ಕೆಲಸ, ಬುದ್ಧಿಯದಲ್ಲ. ಬುದ್ಧಿ ಬೇಕಾದದ್ದು ಬೇರೊಂದಕ್ಕೆ. ಒಂದು ಸಾಲು ಮುಗಿಯಿತು, ಮುಂದಿನದನ್ನು ಕರೆಯಬೇಕು ಎಂದು ಫೋನಿಗೆ ಹೇಳುವವರು ಯಾರು? ಎರಡು ಕೈ, ಎರಡು ಕಾಲು, ಕಣ್ಣು, ಯಾವುದೂ ಖಾಲಿಯಿಲ್ಲ. ಆಗ ಹೊಳೆಯಿತು. ಲಾಳಿ ಒಗೆದ ಮೇಲೆ ಎಳೆಯನ್ನು ಕೂಡಿಸಲು ಹಲಗೆ ಬಡಿಯುತ್ತಾರಲ್ಲ, ಆ ಸಪ್ಪಳವನ್ನೇ ಫೋನು ಕೇಳಿಸಿಕೊಳ್ಳಲಿ. ಖಟ್ ಎಂದರೆ ಮುಂದಿನ ಸಾಲು. ಹೊಳೆದ ಸಂಭ್ರಮಕ್ಕೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ.

ಮನೆಯಲ್ಲಿ ರೊಟ್ಟಿ ಬಡಿಯುವ ಹಲಗೆಯನ್ನು ಟೇಬಲ್ಲಿಗೆ ಬಡಿದು ಬಡಿದು ನೋಡುತ್ತಿದ್ದರೆ, ಅಪ್ಪ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತು ಹೇಳಿದ: "ಏನಲೇ, ಕಂಪ್ಯೂಟರ್ ಬಿಟ್ಟು ಬಡಿಗತನ ಸುರು ಮಾಡಿದೇನು?"

ದನಿಯದೂ ಒಂದು ಪಜೀತಿ. ಮೊದಲು ಫೋನಿನೊಳಗೆ ಸಿದ್ಧವಿರುವ ಹೆಣ್ಣು ದನಿಯನ್ನೇ ಹಾಕಿದ್ದೆ. ದಯವಿಟ್ಟು ಮೂರು ಎಳೆಗಳನ್ನು ಬಿಡಿ ಎಂದು ಅದು ಶುರು ಮಾಡಿದ್ದೇ ಅಕ್ಕಾವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೆಂಗಳೂರಿನಿಂದ ಸಾಹೇಬರು ಬಂದು ಮನೆಯ ಕುಣಿಯಲ್ಲಿ ಕುಳಿತಂತಾಯಿತಂತೆ. ಸರಿ, ನನ್ನ ದನಿಯಲ್ಲೇ ಹೇಳಿ ತುಂಬಿಸಿದೆ. ಹಿರಿಯರಿಗೆ ಬಿಡು, ಎತ್ತು ಎನ್ನುವುದು ಹೇಗೆ ಎಂದು ಬಿಡ್ರಿ, ಎತ್ರಿ ಎಂದಿದ್ದೆ. ಅದೂ ಬೇಡವಾಯಿತು. ಅಷ್ಟು ಉದ್ದ ಹೇಳುವಷ್ಟರಲ್ಲಿ ಕೈಯ ಹದ ತಪ್ಪುತ್ತದೆ, ಮನೆಯವರು ಕರೆದಂತೆ ಮೊಟಕಾಗಿ ಕರೆಯಿರಿ, ಅದರಲ್ಲಿ ಮರ್ಯಾದೆಯೇನು ಬಂತು ಎಂದರು. ಹೀಗೆ ನಾನು ಆ ಮನೆಯ ಹಿರಿಯಳನ್ನು ಏಕವಚನದಲ್ಲಿ ಕರೆಯುವವನಾದೆ, ಫೋನಿನೊಳಗಿಂದ.

ಎಲ್ಲ ಸಿದ್ಧವಾದ ಮೇಲೆ ಮಗ್ಗದ ಮೇಲೆ ಇಟ್ಟು ನೋಡಬೇಕಲ್ಲ, ಅದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ಆರಿಸಿಕೊಂಡೆ. ಅಮಾವಾಸ್ಯೆಗೆ ನೇಕಾರರಿಗೆ ಸೂಟಿ ಎಂದು ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತು. ಅಂದು ಅಕ್ಕಾವರ ಕೈ ಖಾಲಿ ಇರುತ್ತದೆ, ದುಡಿಮೆ ಕೆಡಿಸಿದಂತಾಗುವುದಿಲ್ಲ, ನಿಧಾನವಾಗಿ ಕುಳಿತು ನೋಡಬಹುದು ಎಂಬುದು ನನ್ನ ಲೆಕ್ಕ. ಓಣಿಯ ಮನೆಮನೆಯ ಮುಂದೆ ಮಣ್ಣಿನ ಎತ್ತುಗಳು ಒಣಗುತ್ತಿದ್ದವು. ಅಕ್ಕಾವರು ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಿದ್ದರು. ಸ್ವಲ್ಪ ನೇಯ್ದು ತೋರಿಸಿ ಎಂದರೆ ಒಪ್ಪಲಿಲ್ಲ.

"ಅಮಾಸಿ ದಿನ ಲಾಳಿ ಒಗಿಯೂದಿಲ್ರಿ ಸರ್ರ. ಬೇಕಾದ್ರ ಬರೇ ಹಲಗಿ ಬಡೀತೇನಿ. ಎಳಿ ಹಾಕೂದಿಲ್ಲ."

ಅಷ್ಟೇ ಸಾಕಿತ್ತು ನನಗೆ. ಅವರು ಬರಿ ಹಲಗೆ ಬಡಿದರು, ಫೋನು ಕರೆಯಿತು. ಮತ್ತೆ ಬಡಿದರು, ಮತ್ತೆ ಕರೆಯಿತು. ಬೇಕೆಂತಲೇ ತಡೆದರು, ಅದೂ ತಡೆಯಿತು. ಗೋಪುರದ ಬುಡದಿಂದ ಕಳಸದವರೆಗೆ ಒಂದು ಸಾಲೂ ತಪ್ಪಲಿಲ್ಲ. ಯಜಮಾನರು ಎಡಗೈಯಿಂದ ಹೊರಸಿನ ಕಟ್ಟಿಗೆಯನ್ನು ತಟ್ಟಿದರು. ಅಕ್ಕಾವರು ಹೋಳಿಗೆ ಊಟ ಮಾಡಿಸಿ ಕಳಿಸಿದರು. ಎದೆ ಮುಂದೆ ಮಾಡಿಕೊಂಡೇ ಬಸ್ಸು ಹತ್ತಿದೆ.

ಮರುದಿನ ನಾನು ಚಹದ ಕಪ್ಪು ಕೈಯಲ್ಲಿ ಹಿಡಿದಿದ್ದಾಗ ಆ ನಂಬರಿನಿಂದ ಕರೆ ಬಂತು.

"ಸರ್ರ, ನಿಮ್ಮ ಫೋನು ನನಗಿಂತ ಜೋರ ನೇಯಾಕತ್ತೈತ್ರಿ."

ಅವರು ಮಾತು ಮುಗಿಸುವ ಮುಂಚೆಯೇ ನನಗೆ ತಿಳಿಯಿತು. ಅವರ ದನಿಯ ಹಿಂದೆ, ಎಡಕ್ಕೆ, ಬಲಕ್ಕೆ, ಗೋಡೆಯ ಆಚೆ, ಓಣಿಯ ತುಂಬ ಖಟಾಖಟ್ ಖಟಾಖಟ್. ಪವರ್‌ಲೂಮುಗಳು, ಪಕ್ಕದ ಮನೆಯ ಕೈಮಗ್ಗ. ನನ್ನ ಆ್ಯಪಿಗೆ ಓಣಿಯ ಅಷ್ಟೂ ಮಗ್ಗಗಳು ಅಕ್ಕಾವರ ಮಗ್ಗವೇ ಆಗಿದ್ದವು. ಇಡೀ ಓಣಿ ಬಾಯಿ ಮುಚ್ಚಿಕೊಂಡಿರುವ ಒಂದು ದಿನ ಹುಡುಕಿ, ಅಂದೇ ಹೋಗಿ ಪರೀಕ್ಷೆ ಮಾಡಿ ಬಂದಿದ್ದೆ. ಪರ ಊರಿನವನಾಗಿದ್ದರೆ ಯಾವುದೋ ಒಂದು ದಿನ ಹೋಗುತ್ತಿದ್ದ, ಹೋದ ಗಳಿಗೆಯಲ್ಲೇ ತಪ್ಪು ಕಾಣುತ್ತಿತ್ತು. ಇಲ್ಲಿಯವನಾದ್ದರಿಂದ, ನೇಕಾರರ ಸೂಟಿ ಗೊತ್ತಿದ್ದರಿಂದಲೇ ನಾನು ಕೆಟ್ಟೆ.

ಅದೇ ದಿನ ಇಳಕಲ್ಲಿಗೆ ಹೋದೆ. ಅಕ್ಕಾವರು ಮೊದಮೊದಲು ಫೋನು ಹೇಳಿದಂತೆ ಕೇಳಿದ್ದರು. ಸರ್ ಮಾಡಿಕೊಟ್ಟದ್ದು, ತಪ್ಪಿರಲಾರದು ಎಂದು. ಗೇಣುದ್ದ ನೇಯ್ದ ಮೇಲೆ ಯಜಮಾನರು ಹೊರಸನ್ನು ದಬದಬ ಬಡಿದು ನಿಲ್ಲಿಸಿದ್ದರು. ನೋಡಿದೆ. ಆನೆಯ ಸೊಂಡಿಲು ಗೋಪುರದ ಕಳಸಕ್ಕೆ ಅಂಟಿಕೊಂಡಿತ್ತು, ನವಿಲಿಗೆ ಕೊರಳೇ ಇರಲಿಲ್ಲ. ಅಷ್ಟನ್ನೂ ಬಿಚ್ಚಬೇಕಾಯಿತು. ಬಿಚ್ಚುವಾಗ ರೇಷ್ಮೆಯ ಎಳೆ ಜುಂಗು ಏಳುತ್ತದೆ. ಅಕ್ಕಾವರು ಬೆರಳಿಗೆ ನೀರು ಮುಟ್ಟಿಸಿಕೊಂಡು ಒಂದೊಂದನ್ನೇ ಸವರಿ ಕೂರಿಸುತ್ತ, ತಲೆ ಎತ್ತದೆ ಹೇಳಿದರು.

"ಒಮ್ಮಿ ಬಿಚ್ಚೀದ್ದು ನಡೀತೈತಿ ತಮ್ಮಾ. ಇನ್ನೊಮ್ಮಿ ಬಿಚ್ಚಿದ್ರ ಹಾಸು ತಡಿಯೂದಿಲ್ಲ."

ಅಲ್ಲಿಯವರೆಗೆ ಸರ್ರ ಆಗಿದ್ದವನು ಅಂದು ತಮ್ಮ ಆದೆ. ಅದು ಸಿಟ್ಟಿನ ಮಾತಲ್ಲ, ನನಗೆ ಗೊತ್ತು. ಆದರೂ ಬಾಗಿಲು ದಾಟುವಾಗ ಗರಸಿನ ಗುಂಪಿ ಕಣ್ಣಿಗೆ ಬಿತ್ತು, ನೋಡದವನಂತೆ ಅದನ್ನು ಬಳಸಿ ನಡೆದೆ. ಸೀರೆಯ ಮೈ ನೇಯುವುದಕ್ಕೆ ಕರೆಯುವವರು ಬೇಕಿಲ್ಲ, ಅದನ್ನು ಮೊದಲು ಮುಗಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ಸರಿಪಡಿಸಿ ಎಂದಿದ್ದರು. ಸೆರಗಿಗೆಂದು ಬೇರೆಯಾಗಿ ಹೂಡಿದ್ದ ಎಳೆಗಳನ್ನು ಬಿಚ್ಚಿ ಸುತ್ತಿಟ್ಟು, ಕಡೆಗೆ ಮತ್ತೆ ಕೊಂಡಿ ಹಾಕಿ ಜೋಡಿಸುವ ತಾಪತ್ರಯವನ್ನೂ ನನ್ನ ಸಲುವಾಗಿ ಮೈಮೇಲೆ ಎಳೆದುಕೊಂಡರು.

ಆ ಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಸಣ್ಣ ಸಪ್ಪಳಕ್ಕೆ ಕಿವಿಗೊಡಬೇಡ, ದೊಡ್ಡದಕ್ಕೆ ಮಾತ್ರ ಕೊಡು ಎಂದು ಬರೆದು ನೋಡಿದೆ. ಗೋಡೆಯ ಆಚೆಯ ಪವರ್‌ಲೂಮು ಅಕ್ಕಾವರ ಮಗ್ಗಕ್ಕಿಂತ ದೊಡ್ಡದಾಗಿಯೇ ಕೂಗುತ್ತಿತ್ತು. ಅವರ ಹಲಗೆಯ ದನಿಯನ್ನು ಮೊದಲೇ ಕೇಳಿಸಿ ಗುರುತು ಹಿಡಿಸಲು ನೋಡಿದೆ. ಪಕ್ಕದ ಮನೆಯ ಮಗ್ಗ ಮಾಡಿದ ಬಡಿಗನೇ ಇದನ್ನೂ ಮಾಡಿದ್ದನಂತೆ, ಎರಡಕ್ಕೂ ಒಂದೇ ದನಿ. ಒಂದು ಫೋನಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದುತ್ತಿರಲಿಲ್ಲ. ಪಂಚಮಿ ಹತ್ತಿರ ಬರುತ್ತಿತ್ತು. ಮನೆಯವಳು ತಾಟಿನ ಮುಂದೆ ಕುಳಿತು, ರೊಟ್ಟಿಯನ್ನಾದರೂ ನೋಡಿ ತಿನ್ನಿರಿ, ಅದಕ್ಕೂ ಮಗ್ಗಕ್ಕೂ ಸಂಬಂಧವಿಲ್ಲ ಎಂದಳು. ಅಪ್ಪ ಎಲ್ಲ ವಿಷಯ ಕೇಳಿಸಿಕೊಂಡಿದ್ದ. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದು, ಉಳಿದದ್ದನ್ನು ನನ್ನ ಕಂಪ್ಯೂಟರಿನ ಹಣೆಗೂ ಒರೆಸಿ ಹೇಳಿದ.

"ನಮ್ಮ ಕುರಿ ಬ್ಯಾರೇ ಮಂದಿ ಸಿಳ್ಳಿಗೆ ಬರ್ತಾವೇನಲೇ? ನಿನ್ನ ಫೋನಿಗೆ ಅಷ್ಟೂ ತಿಳಿಯೂದಿಲ್ಲೇನು?"

ಹೊಳೆಯಲ್ಲಿ ಎರಡು ಹಿಂಡು ಕೂಡಿಕೊಂಡಾಗ ಒಬ್ಬೊಬ್ಬ ಕುರುಬ ಒಂದೊಂದು ಕಡೆ ನಿಂತು ಸಿಳ್ಳು ಹಾಕಿದರೆ, ಕುರಿ ತಾವಾಗಿಯೇ ಬೇರೆಯಾಗುವುದನ್ನು ನಾನೂ ಕಂಡವನು. ಆದರೆ ಕುರಿಗೆ ತಿಳಿಯುವುದು ಬರಿ ಕಿವಿಯಿಂದ ಅಲ್ಲ. ಅದನ್ನು ಅಪ್ಪನಿಗೆ ಹೇಳಿದೆ. ಹಾಗಿದ್ದರೆ ಫೋನಿಗೆ ಬೇರೆ ಏನಿದೆಯೋ ಅದನ್ನು ನೋಡು ಎಂದು ಕುರಿದೊಡ್ಡಿಗೆ ಹೋದ. ಫೋನಿಗೆ ಬೇರೇನಿದೆ ಎಂದು ಅಂದು ನನ್ನ ತಲೆಗೆ ಬರಲಿಲ್ಲ.

ಅದು ಬಂದದ್ದು ಬಸ್ಸಿನಲ್ಲಿ. ಇನ್ನೊಂದು ಸೋತ ಆ್ಯಪು ಹೊತ್ತು ಇಳಕಲ್ಲಿಗೆ ಹೋಗಿ, ಸೋತೇ ತಿರುಗಿ ಬರುತ್ತಿದ್ದೆ. ಕಡೆಯ ಸೀಟು, ಮಳೆಗೆ ಕಿತ್ತುಹೋದ ರಸ್ತೆ. ಅಂಗಿಯ ಕಿಸೆಯಲ್ಲಿದ್ದ ಫೋನು ಟಿಣ್ ಎಂದಿತು. ದಿನವೆಲ್ಲ ಕುಳಿತೇ ಇರುತ್ತೀರಿ, ನಡೆಯಿರಿ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ ಮೇಲೆ ಹೆಜ್ಜೆ ಎಣಿಸುವ ಆ್ಯಪೊಂದನ್ನು ಹಾಕಿಕೊಂಡಿದ್ದೆ. ಅದು ಭಲೆ, ಇವತ್ತಿನ ನಡಿಗೆ ಮುಗಿಸಿದಿರಿ ಎನ್ನುತ್ತಿತ್ತು. ಬಸ್ಸು ಎತ್ತಿ ಹಾಕಿದ ಕುಲುಕನ್ನೆಲ್ಲ ಅದು ನನ್ನ ಹೆಜ್ಜೆ ಎಂದು ಬರೆದುಕೊಂಡಿತ್ತು. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ನಗುವಿನ ನಡುವೆಯೇ ಹೊಳೆಯಿತು. ಈ ಬಸ್ಸಿನ ಸಪ್ಪಳ ಎದುರಿನ ಲಾರಿಯಲ್ಲಿದ್ದವನ ಫೋನಿಗೂ ಕೇಳಿಸುತ್ತದೆ. ಆದರೆ ಈ ಬಸ್ಸಿನ ಕುಲುಕು ಈ ಬಸ್ಸಿನಲ್ಲಿದ್ದ ಫೋನಿಗೆ ಮಾತ್ರ. ಮಗ್ಗಕ್ಕೆ ಕಿವಿಗೊಡುವುದು ಬೇಕೇ ಇಲ್ಲ, ಫೋನನ್ನು ಮಗ್ಗಕ್ಕೇ ಕಟ್ಟಿಬಿಟ್ಟರೆ ಆಯಿತು. ಹಲಗೆ ಬಿದ್ದಾಗ ಆ ಮಗ್ಗದ ಕಂಬ ನಡುಗುತ್ತದೆ. ನಡುಗಿದ್ದು ತಿಳಿಯುವ ಯಂತ್ರ ಎಲ್ಲ ಅಗ್ಗದ ಫೋನಿನಲ್ಲೂ ಇದೆ. ನನ್ನ ಡ್ರಾವರಿನಲ್ಲಿರುವ ಮುರಿದವುಗಳಲ್ಲೂ ಇದೆ.

ಬರೆಯುವುದೇನೋ ಬೇಗ ಆಯಿತು. ಈ ಸಲ ಮಾತ್ರ ಓಣಿಯಲ್ಲಿ ಗದ್ದಲ ಜೋರಿರುವ ದಿನವೇ ಬರುತ್ತೇನೆ ಎಂದು ಹೇಳಿ ಹೋದೆ. ಅಕ್ಕಾವರ ಫೋನನ್ನು ಹಳೆಯ ಸೀರೆಯ ದಡಿಯ ಚೂರಿನಿಂದ ಮಗ್ಗದ ಕಂಬಕ್ಕೆ ಬಿಗಿದೆವು. ಓಣಿ ಕೂಗುತ್ತಿತ್ತು, ಫೋನು ಸುಮ್ಮನಿತ್ತು. ಅದು ಸುಮ್ಮನಿರುವುದನ್ನು ನೋಡಿಯೇ ನನ್ನ ಅರ್ಧ ಜೀವ ತಿರುಗಿ ಬಂತು. ಅಕ್ಕಾವರು ಹಲಗೆ ಬಡಿದರು. ಮೂರ ಬಿಡು, ಎರಡ ಎತ್ತು ಎಂದಿತು, ಅದರ ಬೆನ್ನಿಗೇ ಮುಂದಿನ ಸಾಲನ್ನೂ ಹೇಳಿಬಿಟ್ಟಿತು. ನೇಯುವಾಗಿನಂತೆಯೇ ಬಡಿಯಿರಿ ಎಂದು ಈ ಸಲ ನಾನೇ ಹೇಳಿದ್ದೆ, ನೇಯುವಾಗ ಎಳೆ ಗಟ್ಟಿ ಕೂರಲೆಂದು ಅವರು ಸಾಲಿಗೆ ಎರಡೇಟು ಹಾಕುವವರು. ಅಮಾವಾಸ್ಯೆಯ ದಿನ ಎಳೆಯೇ ಇರಲಿಲ್ಲವಾದ್ದರಿಂದ ಒಂದೇ ಏಟು ಹಾಕಿದ್ದರು. ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪು ಬಿಚ್ಚಿ, ಹತ್ತಿರ ಹತ್ತಿರ ಬಿದ್ದ ಎರಡೇಟನ್ನು ಒಂದೇ ಎಂದು ತಿಳಿ ಎಂದು ಬರೆದೆ. ಆಮೇಲೆ ಅವರ ತಂಗಿಯ ಕರೆ ಬಂದು ಫೋನು ಗುರ್ರೆಂದು ನಡುಗಿದ್ದೇ ಗೋಪುರ ಒಂದು ಸಾಲು ಮೇಲೇರಿತು. ನೇಯುವಾಗ ಕರೆಗಳನ್ನು ಬಂದ್ ಮಾಡಿಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಬರಿ ಹಲಗೆ ಬಡಿಯುತ್ತ ಮುಂಜಾನೆಯ ಅರ್ಧ ಕಳೆದ ಮೇಲೆಯೇ ಅವರು ಎಳೆಗೆ ಕೈ ಹಾಕಿದ್ದು. ನನ್ನದೇ ದನಿ ನನಗೇ ಅಪರಿಚಿತವಾಗಿ ಕೇಳುತ್ತಿತ್ತು. ಆನೆಯ ಕಾಲು ಮೂಡಿತು, ಹೊಟ್ಟೆ ಮೂಡಿತು. ಯಜಮಾನರ ಕಡೆ ನೋಡಿದರೆ, ಅವರ ತುಟಿ ಅಲುಗುತ್ತಿತ್ತು. ದನಿಯಿಲ್ಲ. ಫೋನು ಎರಡ ಎತ್ತು ಎನ್ನುವ ಒಂದು ಗಳಿಗೆ ಮೊದಲೇ ಅವರ ತುಟಿ ಅದನ್ನು ಹೇಳಿ ಮುಗಿಸಿರುತ್ತಿತ್ತು.

"ಅವ್ರು ನಿನಕಿಂತ ಮುಂದ ಅದಾರ," ಎಂದರು ಅಕ್ಕಾವರು, ಎಳೆಯಿಂದ ಕಣ್ಣು ತೆಗೆಯದೆ.

ನಾನು ಊರಿಗೆ ಬಂದೆ. ಆಮೇಲೆ ಸುದ್ದಿಯೇ ಇಲ್ಲ. ಎರಡು ದಿನಕ್ಕೊಮ್ಮೆಯಾದರೂ ಮಾಡುತ್ತಿದ್ದವರು ಮಾಡಲಿಲ್ಲ. ನಾನು ಮಾಡಿದರೆ ಫೋನು ಬಂದ್ ಆಗಿತ್ತು. ಬಂದ್ ಮಾಡಿಡಲು ಹೇಳಿದವನು ನಾನೇ. ಆದರೂ ಮನಸ್ಸು ಕೇಳಬೇಕಲ್ಲ. ಫೋನು ಬಂದ್ ಆದದ್ದು ನೇಯುತ್ತಿರುವುದಕ್ಕೋ, ಎಲ್ಲ ಕೆಟ್ಟು ನನ್ನ ಕೂಡ ಮಾತೇ ಬೇಡವಾದದ್ದಕ್ಕೋ. ಸಾಹುಕಾರರಿಗೆ ಮಾಡಿ ಕೇಳಬಹುದಿತ್ತು. ಧೈರ್ಯವಾಗಲಿಲ್ಲ. ಗಿರಣಿಯವರ ಕೆಲಸ ಬಾಕಿ ಇತ್ತು, ಅದರ ಮುಂದೆ ಕುಳಿತು ಸುಮ್ಮನೆ ಪರದೆ ನೋಡುತ್ತಿದ್ದೆ. ಪಂಚಮಿ ಬಂತು, ತಂಬಿಟ್ಟಿಗೆ ಬೆಲ್ಲ ತರಬೇಕು ಎಂದು ಮನೆಯವಳು ಹೇಳಿದಾಗ, ಇಳಕಲ್ಲಿನಿಂದ ತರುತ್ತೇನೆ ಎಂದು ಎದ್ದೆ. ಗುಡೂರಿನಲ್ಲಿ ಬೆಲ್ಲ ಸಿಗುವುದಿಲ್ಲವೇ ಎಂದು ಅವಳು ಕೇಳಲಿಲ್ಲ. ಅಷ್ಟು ತಿಳಿವಳಿಕೆ ಅವಳಿಗಿದೆ.

ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು. ಅವರನ್ನು ದಾಟಿ ತಿರುವಿನಲ್ಲಿ ನಿಂತೆ. ಅಕ್ಕಾವರ ಬಾಗಿಲ ಮುಂದೆ ಗರಸಿನ ಗುಂಪಿ ಇರಲಿಲ್ಲ.

ನಿಂತಲ್ಲೇ ನಿಂತೆ. ಆ ಗರಸು ಇದ್ದದ್ದು ಕುಣಿ ಮುಚ್ಚುವುದಕ್ಕೆ. ಅದಿಲ್ಲ ಎಂದರೆ ಅದು ಹೋದ ಜಾಗವೂ ನನಗೆ ಗೊತ್ತು. ಹೊರಸಿನ ಕೆಳಗಿನ ಚೌಕದ ಪಕ್ಕದಲ್ಲಿ ಅಂಥದೇ ಇನ್ನೊಂದು ಚೌಕ ಕಣ್ಣಿಗೆ ಕಟ್ಟಿತು. ತಿರುಗಿ ಹೋಗಿಬಿಡೋಣ ಎನಿಸಿತು. ಹಾಗೆ ತಿರುಗಿ ಹೋಗುವ ಜಾತಿ ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮುಂದೆ ನಡೆದೆ. ಕೈಮಗ್ಗದ ಸಪ್ಪಳ ಕೇಳುತ್ತಿತ್ತು. ಆದರೆ ಅದು ಅಕ್ಕಾವರದೋ ಪಕ್ಕದ ಮನೆಯದೋ ಹೇಗೆ ಹೇಳುವುದು? ಎರಡಕ್ಕೂ ಒಂದೇ ದನಿ. ಕಿವಿಯನ್ನು ನಂಬಿ ಒಮ್ಮೆ ಕೆಟ್ಟವನು ನಾನು.

ಬಾಗಿಲ ಹತ್ತಿರ ಹೋದಾಗ ಖಟ್ ಖಟ್ ಎಂದು ಎರಡೇಟು ಬಿತ್ತು. ಅದರ ಹಿಂದೆಯೇ ಒಳಗಿನಿಂದ ನನ್ನ ದನಿ.

"ನಾಲ್ಕ ಬಿಡು, ಒಂದ ಎತ್ತು."

ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟೆ. ಅಕ್ಕಾವರು ಕುಣಿಯಲ್ಲಿ ಕುಳಿತು ತಲೆ ತಗ್ಗಿಸಿ ಎಳೆ ಎತ್ತುತ್ತಿದ್ದರು. ಮಗ್ಗದ ಮೇಲೆ ಹೊಸ ಬಣ್ಣದ ಹಾಸು. ಸಾಲು ಮುಗಿದ ಮೇಲೆಯೇ ನನ್ನ ಕಡೆ ನೋಡಿದ್ದು.

"ಹೊಸ್ತಿಲ ಮ್ಯಾಲ ಕುಂಡ್ರಬಾರದು ತಮ್ಮಾ, ಒಳಗ ಬಾ."

ಪಂಚಮಿಯ ಸೀರೆ ಎರಡು ದಿನದ ಹಿಂದೆಯೇ ಹೋಗಿತ್ತಂತೆ. ಸಾಹುಕಾರರು ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ, ಮುಂದಿನ ಹಾಸು ತಂದು ಇವರ ಕೈಯಲ್ಲಿ ಇಟ್ಟಿದ್ದರು. ಒಮ್ಮೆ ಬಿಚ್ಚಿದ ಜಾಗ ಗೊತ್ತಾಯಿತೇ ಎಂದು ಕೇಳಿದೆ. ಉಟ್ಟವರಿಗೆ ಗೊತ್ತಾಗಲಿಕ್ಕಿಲ್ಲ, ನನಗೆ ಗೊತ್ತಾಗುತ್ತದೆ ಎಂದರು. ನನಗೆ ತಿಳಿಸಬೇಕಿತ್ತಲ್ಲ ಎಂದರೆ, ಕರೆ ಬಂದ್ ಮಾಡಿಡು ಎಂದವನು ನೀನೇ ಎಂದು ನಕ್ಕರು. ಯಜಮಾನರು ಎಡಗೈಯಿಂದ ಹೊರಸನ್ನು ತಟ್ಟಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ನೀರು ಕುಡಿದೆ. ಎಷ್ಟೋ ದಿನದ ಮೇಲೆ ನೀರಿಗೆ ರುಚಿ ಇದೆ ಎನಿಸಿತು.

ಹೊರಡುವಾಗ ತಡೆಯಲಾರದೆ ಕೇಳಿದೆ. "ಅಕ್ಕಾರ, ಬಾಗ್ಲಾಗಿನ ಗರಸು ಎಲ್ಲಿ ಹೋತ್ರಿ?"

"ಮಳಿಗಾಲದಾಗ ಓಣಿ ಬರೇ ರಾಡಿ. ಕುಣಿಗಂತೂ ಬ್ಯಾಡಾತು, ಇಲ್ಲೇ ಹಾಸಿಸಿದ್ವಿ," ಎಂದರು. "ನೀ ಅದರ ಮ್ಯಾಲ ನಡಕೊಂತನ ಬಂದೀಯಲ್ಲೋ."

ಹೌದು. ತಿರುವಿನಿಂದ ಬಾಗಿಲವರೆಗೆ ಓಣಿ ಕೆಂಪಗಿತ್ತು. ಎದುರು ಮಾತ್ರ ನೋಡುತ್ತ ಬಂದವನಿಗೆ ಕಾಲಡಿ ಕಂಡಿರಲಿಲ್ಲ. ಅದೇ ಗರಸಿನ ಮೇಲೆ ನಿಧಾನವಾಗಿ ನಡೆದು, ಜೋಕಾಲಿ ದಾಟಿ, ಪೇಟೆಗೆ ಹೋಗಿ ಬೆಲ್ಲ ಕೊಂಡೆ. ಬಸ್ಸಿನಲ್ಲಿ ಕುಳಿತು ನೋಡಿದರೆ ಚಪ್ಪಲಿಯ ಅಂಚಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಒರೆಸಬೇಕೆನಿಸಲಿಲ್ಲ. ಗುಡೂರು ಬರುವವರೆಗೆ ಕಣ್ಣು ಮುಚ್ಚಿ ಕುಲುಕಿಸಿಕೊಳ್ಳುತ್ತ ಕುಳಿತೆ.